ಸ್ಕಾಟ್ಲೆಂಡಿನ ದ್ವೀಪಗಳಿಗೆ ಫೆರಿ ಪ್ರಯಾಣ: ಬುಕ್ಕಿಂಗ್‌ನಿಂದ ದಡ ಸೇರುವವರೆಗೆ

ಮೇ ತಿಂಗಳು ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು ಶುರುವಾಗುತ್ತವೆ. "ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಮುಂದಿನ ವಾರ ಮಲ್ ದ್ವೀಪಕ್ಕೆ ಹೊರಟಿದ್ದೇವೆ. ಹೋಟೆಲ್ ಆಗಿದೆ, ಬಾಡಿಗೆ ಕಾರೂ ಆಗಿದೆ. ಫೆರಿಯಲ್ಲಿ ಮಾತ್ರ ಕಾರಿಗೆ ಜಾಗ ಇಲ್ಲ ಅಂತ ತೋರಿಸ್ತಿದೆ. ಏನು ಮಾಡೋದು?" ಅಷ್ಟು ಹೊತ್ತಿಗೆ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ.

ತಪ್ಪಾಗುವುದು ಕ್ರಮದಲ್ಲಿ. ನಾವು ವಿಮಾನ, ಹೋಟೆಲ್, ಕಾರು ಎಲ್ಲ ಮುಗಿಸಿ, ಫೆರಿ ಟಿಕೆಟನ್ನು ಕೊನೆಗೆ ನೋಡುತ್ತೇವೆ. ಸಿಗಂದೂರಿನ ಲಾಂಚಿಗೆ ದಡದಲ್ಲಿ ಕಾದು ಹತ್ತಿದ ಅಭ್ಯಾಸ; ಒಂದು ಹೋದರೆ ಇನ್ನೊಂದು ಬರುತ್ತದೆ ಎಂಬ ಧೈರ್ಯ. ಇಲ್ಲಿ ಇನ್ನೊಂದು ಬರುವುದು ನಾಳೆ ಇರಬಹುದು, ಕೆಲವು ದ್ವೀಪಗಳಿಗೆ ನಾಡಿದ್ದೂ ಇರಬಹುದು. ಹಾಗಾಗಿ ಫೆರಿ ಮೊದಲು, ಆಮೇಲೆ ಮಲಗುವ ಜಾಗ, ಆಮೇಲೆ ಕಾರು, ಕೊನೆಗೆ ಬಂದರಿನವರೆಗಿನ ರೈಲು ಅಥವಾ ಬಸ್ಸು. ಕೆಳಗಿನ ಹಂತಗಳೂ ಇದೇ ಕ್ರಮದಲ್ಲಿವೆ.

## ಶುರು ಮಾಡುವ ಮುನ್ನ ಹತ್ತಿರ ಇರಬೇಕಾದದ್ದು

ಬ್ರಿಟನ್‌ನಲ್ಲಿ ಕೆಲಸ ಮಾಡುವ ಮೊಬೈಲ್ ನಂಬರ್ ಒಂದು ಬೇಕೇ ಬೇಕು. ಫೆರಿ ರದ್ದಾದರೆ, ಸಮಯ ಬದಲಾದರೆ ಸುದ್ದಿ ಬರುವುದು ಬುಕ್ಕಿಂಗ್‌ನಲ್ಲಿ ಕೊಟ್ಟ ನಂಬರಿಗೆ ಮತ್ತು ಈಮೇಲಿಗೆ. ರೋಮಿಂಗ್ ಇಲ್ಲದ ಭಾರತದ ನಂಬರ್ ಕೊಟ್ಟು, ರದ್ದಾದ ಹಡಗಿಗೆ ಮೂರು ಗಂಟೆ ಕಾರು ಓಡಿಸಿಕೊಂಡು ಬಂದವರನ್ನು ನೋಡಿದ್ದೇನೆ.

ಎಲ್ಲರ ಫೋಟೋ ಇರುವ ಗುರುತಿನ ಚೀಟಿ ಜೊತೆಗಿರಲಿ. ದೇಶದೊಳಗಿನ ಪ್ರಯಾಣವಾದರೂ ಶೆಟ್ಲೆಂಡ್, ಆರ್ಕ್ನಿ ಕಡೆಯ ಹಡಗುಗಳಲ್ಲಿ ಕೇಳಬಹುದು; ಭಾರತದಿಂದ ಬಂದವರಿಗೆ ಪಾಸ್‌ಪೋರ್ಟೇ ಸುಲಭ. ಇನ್ನು ಕಾರಿನ ಉದ್ದ ಮತ್ತು ಎತ್ತರ, ಪವರ್ ಬ್ಯಾಂಕ್, ಜೂನ್‌ನಲ್ಲೂ ಬೇಕಾಗುವ ಗಾಳಿ ತಡೆಯುವ ಜಾಕೆಟ್. ಟಿಕೆಟ್‌ನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಬಂದರುಗಳ ಹತ್ತಿರ ನೆಟ್‌ವರ್ಕ್ ಕೈಕೊಡುವುದು ಸಾಮಾನ್ಯ.

## ಹಂತ 1: ಕಾರು ನಿಜವಾಗಿ ಬೇಕೇ, ತೀರ್ಮಾನಿಸಿ

ಬೇಸಿಗೆಯಲ್ಲಿ ಫೆರಿ ತುಂಬಿದೆ ಎಂದರೆ ತುಂಬಿರುವುದು ಕಾರಿನ ಡೆಕ್. ಮನುಷ್ಯರಿಗೆ ಬಹುತೇಕ ಯಾವಾಗಲೂ ಜಾಗ ಇರುತ್ತದೆ. ಕಾರು ಬಿಟ್ಟು ಹೋಗಲು ಒಪ್ಪಿದರೆ ಈ ಮಾರ್ಗದರ್ಶಿಯ ಅರ್ಧ ತಲೆನೋವು ಇಲ್ಲಿಗೇ ಮುಗಿಯಿತು. ಪಶ್ಚಿಮ ಕರಾವಳಿಯ ಕ್ಯಾಲ್‌ಮ್ಯಾಕ್ ಕಂಪನಿಯ ಹಡಗುಗಳಲ್ಲಿ ಸೈಕಲ್ಲಿಗೆ ದುಡ್ಡೂ ಇಲ್ಲ.

ಕೆಲವು ಕಡೆ ಪ್ರವಾಸಿಗರು ಕಾರು ಒಯ್ಯುವಂತೆಯೇ ಇಲ್ಲ. ಅಯೋನಾ ದ್ವೀಪಕ್ಕೆ ಪರವಾನಗಿ ಇಲ್ಲದ ಕಾರಿಗೆ ಪ್ರವೇಶವಿಲ್ಲ. ಎಗ್, ಮಕ್, ರಮ್, ಕ್ಯಾನಾ ಎಂಬ ನಾಲ್ಕು ಪುಟ್ಟ ದ್ವೀಪಗಳಿಗೂ ಇದೇ ನಿಯಮ. ಮ್ಯಾಲೆಗ್‌ನಿಂದ ಹೋಗುವ ಹಡಗಿಗೆ ನಡೆದೇ ಹತ್ತಬೇಕು.

ಅಯೋನಾ ವಿಷಯದಲ್ಲಿ ನಮ್ಮವರು ಪದೇ ಪದೇ ಎಡವುತ್ತಾರೆ. ಮುಖ್ಯ ನೆಲದ ಓಬನ್‌ನಿಂದ ಮಲ್ ದ್ವೀಪದ ಕ್ರೇಗ್‌ನ್ಯೂರ್‌ಗೆ ಫೆರಿ ಸುಮಾರು ಮುಕ್ಕಾಲು ಗಂಟೆ. ಅಲ್ಲಿ ಇಳಿದರೆ ಅಯೋನಾ ಇನ್ನೇನು ಪಕ್ಕದಲ್ಲೇ ಎಂದು ಮ್ಯಾಪ್ ನೋಡಿದಾಗ ಅನ್ನಿಸುತ್ತದೆ. ಮಧ್ಯೆ ಇಡೀ ಮಲ್ ದ್ವೀಪವನ್ನು ದಾಟಬೇಕು: ಸುಮಾರು 35 ಮೈಲಿ, ಬಹುಪಾಲು ಒಂದೇ ಗಾಡಿ ಹೋಗುವಷ್ಟು ಅಗಲದ ರಸ್ತೆ, ಒಂದೂಕಾಲು ಗಂಟೆಗೆ ಕಡಿಮೆ ಆಗುವುದಿಲ್ಲ. ಆ ತುದಿಯಲ್ಲಿ ಇನ್ನೊಂದು ಫೆರಿ, ಹತ್ತು ನಿಮಿಷದ್ದು. ವಾಪಸ್ ಬರುವಾಗ ಇದೇ ಲೆಕ್ಕ ಉಲ್ಟಾ. ಬೆಳಿಗ್ಗೆ ಹನ್ನೊಂದರ ಹಡಗಿಗೆ ಹೊರಟು ಸಂಜೆ ಓಬನ್‌ನಲ್ಲಿ ಊಟ ಮಾಡುತ್ತೇನೆ ಎಂದರೆ ಅಯೋನಾದಲ್ಲಿ ಫೋಟೋ ತೆಗೆಯುವಷ್ಟೂ ಹೊತ್ತು ಸಿಗುವುದಿಲ್ಲ. ಮೊದಲ ಹಡಗು ಹಿಡಿಯಿರಿ, ಇಲ್ಲವೇ ಮಲ್‌ನಲ್ಲಿ ಒಂದು ರಾತ್ರಿ ಇಳಿಯಿರಿ. ಫೆರಿ ಇಳಿದಲ್ಲೇ ಬಸ್ಸೂ ಸಿಗುತ್ತದೆ, ಹಡಗಿನ ಸಮಯಕ್ಕೇ ಹೊಂದಿಸಿದ್ದು.

ಕಾರು ಬೇಕೇ ಬೇಕು ಎಂದರೆ ಬಾಡಿಗೆ ಕಂಪನಿಯನ್ನು ಮೊದಲೇ ಕೇಳಿ: ಫೆರಿಗೆ ಹತ್ತಿಸಬಹುದೇ, ದ್ವೀಪದಲ್ಲಿ ಕೆಟ್ಟರೆ ಯಾರು ಬರುತ್ತಾರೆ? ಕೆಲವರು ಬಿಡುವುದಿಲ್ಲ. ಭಾರತದ ಲೈಸೆನ್ಸ್ 12 ತಿಂಗಳವರೆಗೆ ನಡೆಯುತ್ತದೆ, ರಸ್ತೆಯ ಎಡಬದಿಯೇ ಆದ್ದರಿಂದ ಆ ಗಲಿಬಿಲಿಯೂ ಇಲ್ಲ.

## ಹಂತ 2: ಬಂದರಿನ ಹೆಸರು, ಹಡಗಿನ ಒಡೆಯರು

ಇಲ್ಲಿ ಎಲ್ಲ ಫೆರಿಗಳಿಗೂ ಒಂದೇ ವೆಬ್‌ಸೈಟ್ ಇಲ್ಲ. ಪಶ್ಚಿಮ ಕರಾವಳಿ ಮತ್ತು ಕ್ಲೈಡ್ ನದಿಮುಖದ ದ್ವೀಪಗಳಿಗೆ ಬಹುತೇಕ ಕ್ಯಾಲ್‌ಮ್ಯಾಕ್. ಉತ್ತರದ ಆರ್ಕ್ನಿ, ಶೆಟ್ಲೆಂಡ್‌ಗಳಿಗೆ ನಾರ್ತ್‌ಲಿಂಕ್. ಗಿಲ್ಸ್ ಬೇಯಿಂದ ಆರ್ಕ್ನಿಯ ಸೇಂಟ್ ಮಾರ್ಗರೆಟ್ಸ್ ಹೋಪ್‌ಗೆ ಪೆಂಟ್‌ಲ್ಯಾಂಡ್ ಫೆರೀಸ್, ಒಂದು ಗಂಟೆ ಚಿಲ್ಲರೆ. ಆರ್ಕ್ನಿಯ ಒಳಗೆ ದ್ವೀಪದಿಂದ ದ್ವೀಪಕ್ಕೆ ಹೋಗಲು ಆರ್ಕ್ನಿ ಫೆರೀಸ್. ಶೆಟ್ಲೆಂಡಿನೊಳಗೆ ಅಲ್ಲಿನ ಕೌನ್ಸಿಲ್ ನಡೆಸುವ ಹಡಗುಗಳು. ಒಂದು ಕಡೆ ಬುಕ್ ಮಾಡಿದ್ದು ಇನ್ನೊಂದು ಕಡೆ ಗೊತ್ತೇ ಇರುವುದಿಲ್ಲ. ಒಂದು ತಡವಾದರೆ ಇನ್ನೊಂದು ಕಾಯುತ್ತದೆ ಎಂಬ ಭರವಸೆ ಬೇಡ.

ಇನ್ನು ಹೆಸರಿನ ಗೊಂದಲ. ನನ್ನ ಲೆಕ್ಕದಲ್ಲಿ ಅತಿ ದುಬಾರಿ ತಪ್ಪುಗಳೆಲ್ಲ ಇಲ್ಲೇ ಆಗುವುದು.

ಟಾರ್ಬರ್ಟ್ ಎಂಬ ಬಂದರು ಎರಡಿವೆ. ಒಂದು ಹ್ಯಾರಿಸ್ ದ್ವೀಪದಲ್ಲಿ, ಸ್ಕೈ ದ್ವೀಪದ ಊಯಿಗ್‌ನಿಂದ ಹಡಗು ಬರುವ ಜಾಗ. ಇನ್ನೊಂದು ಮುಖ್ಯ ನೆಲದ ಲಾಕ್ ಫೈನ್ ಎಂಬ ಕಡಲ ಕೊಲ್ಲಿಯ ದಂಡೆಯಲ್ಲಿ, ಅಲ್ಲಿಂದ ಪೋರ್ಟಾವ್ಯಾಡಿಗೆ ಪುಟ್ಟ ಫೆರಿ. ಒಂದರಿಂದ ಇನ್ನೊಂದಕ್ಕೆ ಹೋಗುವುದೇ ಒಂದು ದಿನದ ಪ್ರಯಾಣ.

"ಮೇನ್‌ಲ್ಯಾಂಡ್" ಎಂದರೆ ಸ್ಕಾಟ್ಲೆಂಡಿನ ಮುಖ್ಯ ನೆಲ ಎಂದುಕೊಳ್ಳುತ್ತೇವೆ. ಆರ್ಕ್ನಿಯ ದೊಡ್ಡ ದ್ವೀಪದ ಹೆಸರೂ ಮೇನ್‌ಲ್ಯಾಂಡ್, ಶೆಟ್ಲೆಂಡಿನ ದೊಡ್ಡ ದ್ವೀಪದ್ದೂ ಅದೇ. ಹೋಟೆಲ್ ವಿಳಾಸ ಓದುವಾಗ ಎಚ್ಚರ.

ಲೂಯಿಸ್ ಮತ್ತು ಹ್ಯಾರಿಸ್ ಎಂದು ಎರಡು ದ್ವೀಪಗಳ ಹಾಗೆ ಹೇಳುತ್ತಾರೆ, ನೆಲ ಮಾತ್ರ ಒಂದೇ. ಅವೆರಡರ ನಡುವೆ ಫೆರಿ ಹುಡುಕಬೇಡಿ.

ಸ್ಕೈಗೆ 1995ರಿಂದ ಸೇತುವೆಯಿದೆ. ಫೆರಿ ಇಷ್ಟಕ್ಕೆ ಬಿಟ್ಟದ್ದು.

ಆರನ್ ದ್ವೀಪದ ಬ್ರಾಡಿಕ್‌ಗೆ ಟ್ರೂನ್‌ನಿಂದ ಹೋಗುವ ಹಡಗೂ ಇದೆ, ಆರ್ಡ್ರಾಸನ್‌ನಿಂದ ಹೋಗುವುದೂ ಇದೆ. 2025ರ ಜನವರಿಯಲ್ಲಿ ಸೇವೆಗೆ ಬಂದ ಗ್ಲೆನ್ ಸ್ಯಾನಕ್ಸ್ ಎಂಬ ದೊಡ್ಡ ಹಡಗು ಟ್ರೂನ್‌ನಿಂದ ಹೊರಡುವುದು. ನಿಮ್ಮ ಟಿಕೆಟ್‌ನಲ್ಲಿ ಯಾವುದಿದೆ ನೋಡಿಕೊಂಡೇ ರೈಲು ಹತ್ತಿ. ಡನೂನ್‌ಗೂ ಹೀಗೇ: ಗೂರಕ್ ಊರಿನ ಮಧ್ಯದಿಂದ ಹೋಗುವ ಕ್ಯಾಲ್‌ಮ್ಯಾಕ್ ದೋಣಿಗೆ ಜನ ಮಾತ್ರ; ಕಾರಿದ್ದರೆ ಎರಡು ಮೈಲಿ ಆಚೆಯ ಮೆಕಿನ್ರಾಯ್ಸ್ ಪಾಯಿಂಟ್‌ಗೆ ಹೋಗಿ ವೆಸ್ಟರ್ನ್ ಫೆರೀಸ್‌ನ ಕೆಂಪು ಹಡಗು ಹಿಡಿಯಬೇಕು.

ಐಲಾ ದ್ವೀಪಕ್ಕೆ ಹೊರಡುವ ಬಂದರು ಕೆನಕ್ರೇಗ್ ಒಂದೇ, ಇಳಿಯುವ ಬಂದರು ಎರಡು: ಪೋರ್ಟ್ ಎಲನ್, ಪೋರ್ಟ್ ಆಸ್ಕೇಗ್. ಹೋಗುವಾಗ ಒಂದು, ಬರುವಾಗ ಇನ್ನೊಂದು ಆಗಿರುವುದು ಮಾಮೂಲು. ಜೂರಾಗೆ ಮುಂದುವರಿಯುವವರಿಗೆ ಆಸ್ಕೇಗ್ ಅನುಕೂಲ. ಅಲ್ಲಿಂದ ಐದು ನಿಮಿಷದ ದೋಣಿ.

ಉಚ್ಚಾರಣೆಯನ್ನೂ ತಿಳಿದಿರಿ, ಯಾಕೆಂದರೆ ಮೈಕಿನಲ್ಲಿ ಕೂಗುವುದು ಕಿವಿಗೆ ಬೀಳಬೇಕಲ್ಲ. ಅಕ್ಷರ ನೋಡಿದರೆ ಇಸ್ಲೇ, ಹೇಳುವುದು ಐಲಾ. ಬರೆದದ್ದು ಫಿಯಾನ್‌ಫೋರ್ಟ್, ಕೂಗುವುದು ಫಿನ್ನಫರ್ಟ್. ವೆಮಿಸ್ ಬೇ ಅಂತ ಕಾಣುವುದು ವೀಮ್ಸ್ ಬೇ. ಗೇಲಿಕ್ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಬರೆದಿಟ್ಟುಕೊಂಡರೆ ಅರ್ಧ ಕಷ್ಟ ಇಳಿಯುತ್ತದೆ. ನಾನು ಮಾಡುವುದೂ ಅದನ್ನೇ.

## ಹಂತ 3: ವೇಳಾಪಟ್ಟಿಯನ್ನು ಅಡಿಟಿಪ್ಪಣಿ ಸಮೇತ ಓದಿ

ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಬೇಸಿಗೆ ಪಟ್ಟಿ, ಉಳಿದದ್ದು ಚಳಿಗಾಲದ್ದು. ಎರಡಕ್ಕೂ ಸಮಯ ಬೇರೆ, ಕೆಲವೊಮ್ಮೆ ಬಂದರೂ ಬೇರೆ. ಆರನ್ ದ್ವೀಪದ ಲಾಕ್‌ರಾಂಜಾಗೆ ಬೇಸಿಗೆಯಲ್ಲಿ ಕ್ಲೂನೆಗ್‌ನಿಂದ ಹೋಗುವ ಫೆರಿ ಚಳಿಗಾಲದಲ್ಲಿ ಲಾಕ್ ಫೈನ್‌ನ ಟಾರ್ಬರ್ಟ್‌ನಿಂದ ಹೋಗುತ್ತದೆ. ಹೋದ ವರ್ಷ ಗೆಳೆಯರು ಕಳಿಸಿದ ಪಿಡಿಎಫ್ ನಂಬಿಕೊಂಡು ಹೊರಡಬೇಡಿ.

ಮೊದಲು ವಾರದ ದಿನ ನೋಡಿ, ಆಮೇಲೆ ದಿನಾಂಕ, ಆಮೇಲೆ ಸಾಲಿನ ಪಕ್ಕದ ಪುಟ್ಟ ಅಕ್ಷರ. ಆ ಅಕ್ಷರದ ಅರ್ಥ ಪುಟದ ಕೆಳಗಿರುತ್ತದೆ: ಈ ಹಡಗು ಬುಧವಾರ ಮಾತ್ರ, ಅಥವಾ ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಮಾತ್ರ, ಅಥವಾ ದಾರಿಯಲ್ಲಿ ಇನ್ನೊಂದು ದ್ವೀಪಕ್ಕೆ ಹೋಗಿ ಬರುತ್ತದೆ. ಭಾನುವಾರದ ಕಾಲಂ ಯಾವಾಗಲೂ ತೆಳ್ಳಗೆ.

ಅಬರ್ಡೀನ್‌ನಿಂದ ಶೆಟ್ಲೆಂಡಿನ ಲರ್ವಿಕ್‌ಗೆ ರಾತ್ರಿ ಹಡಗು. ನೇರ ಹೋಗುವ ದಿನ ಸಂಜೆ 7ಕ್ಕೆ ಬಿಟ್ಟು ಬೆಳಿಗ್ಗೆ 7.30ಕ್ಕೆ ತಲುಪುತ್ತದೆ. ಆರ್ಕ್ನಿಯ ಕರ್ಕ್‌ವಾಲ್ ಮೂಲಕ ಹೋಗುವ ದಿನ ಸಂಜೆ 5ಕ್ಕೇ ಬಿಡುತ್ತದೆ. ಏಳು ಗಂಟೆಗೆ ಎಂದು ತಲೆಯಲ್ಲಿಟ್ಟುಕೊಂಡು ಐದೂವರೆಗೆ ಬಂದವರ ಮುಂದೆ ಖಾಲಿ ನೀರು. ಕರ್ಕ್‌ವಾಲ್‌ನಲ್ಲೇ ಇಳಿಯುವವರಿಗೆ ಇನ್ನೊಂದು ಸೂಚನೆ: ಹಡಗು ನಿಲ್ಲುವುದು ಊರಾಚೆಯ ಹ್ಯಾಟ್‌ಸ್ಟನ್‌ನಲ್ಲಿ, ಅದೂ ರಾತ್ರಿ ಹನ್ನೊಂದರ ಹೊತ್ತಿಗೆ. ಟ್ಯಾಕ್ಸಿ ಹೇಳಿಟ್ಟಿರಿ.

## ಹಂತ 4: ಮೊದಲು ವಾಪಸ್ ಹಡಗು, ಆಮೇಲೆ ಹೋಗುವ ಹಡಗು

ಇದು ವಿಚಿತ್ರವೆನ್ನಿಸಬಹುದು, ಆದರೆ ನಾನು ಬೇರೆ ರೀತಿ ಮಾಡುವುದಿಲ್ಲ. ಹೋಗುವ ದಿನ ಒಂದು ದಿನ ಹಿಂದುಮುಂದಾದರೆ ಹೋಟೆಲ್ ದುಡ್ಡು ಹೋಗಬಹುದು. ವಾಪಸ್ ತಪ್ಪಿದರೆ ಊರಿನ ವಿಮಾನವೇ ಹೋಗುತ್ತದೆ. ಆದ್ದರಿಂದ ವಿಮಾನದ ದಿನದಿಂದ ಹಿಂದಕ್ಕೆ ಎಣಿಸಿ: ವಿಮಾನದ ಹಿಂದಿನ ರಾತ್ರಿ ಗ್ಲಾಸ್ಗೋ ಅಥವಾ ಎಡಿನ್‌ಬರೋದಲ್ಲಿ, ವಾಪಸ್ ಫೆರಿ ಅದಕ್ಕೂ ಮೊದಲು. ಬಾರಾ, ಟೈರೀ, ಶೆಟ್ಲೆಂಡ್‌ನಂಥ ದೂರದ ಜಾಗವಾದರೆ, ಅದರಲ್ಲೂ ಅಕ್ಟೋಬರ್ ದಾಟಿದ್ದರೆ, ಎರಡು ರಾತ್ರಿ ಬಿಡುವು ಇಡಿ. ಕೊನೆಯ ಹಡಗನ್ನು ಎಂದೂ ಬುಕ್ ಮಾಡಬೇಡಿ. ಅದಕ್ಕೆ ಹಿಂದಿನದು ಹಿಡಿಯಿರಿ. ಕೊನೆಯದು ಆಪತ್ಕಾಲಕ್ಕೆ ಇರಲಿ.

ಬುಕ್ಕಿಂಗ್ ಪುಟದಲ್ಲಿ ವಾಹನದ ಅಳತೆ ಕೇಳಿದಾಗ ನಿಜ ಹೇಳಿ. ಹಿಂದೆ ಸಿಕ್ಕಿಸಿದ ಸೈಕಲ್ ಸ್ಟ್ಯಾಂಡ್ ಉದ್ದಕ್ಕೆ ಸೇರುತ್ತದೆ, ಮೇಲಿನ ಪೆಟ್ಟಿಗೆ ಎತ್ತರಕ್ಕೆ. ದೊಡ್ಡ ಹಡಗುಗಳಲ್ಲಿ ಎತ್ತರ ಕಡಿಮೆಯಿರುವ ಕಾರುಗಳಿಗೆಂದೇ ಮಡಚುವ ಅಟ್ಟವಿರುತ್ತದೆ. ಅಲ್ಲಿಗೆಂದು ಲೆಕ್ಕ ಹಾಕಿದ ಕಾರಿನ ತಲೆಯ ಮೇಲೆ ಪೆಟ್ಟಿಗೆ ಕಂಡರೆ ಲೆಕ್ಕವೆಲ್ಲ ಏರುಪೇರು, ಹಿಂದೆ ಉಳಿಯುವವರು ನೀವೇ. ಬಾಡಿಗೆ ಕಾರಿನ ನಂಬರ್ ಮೊದಲು ಗೊತ್ತಿರುವುದಿಲ್ಲ. ಕೀಲಿ ಕೈಗೆ ಬಂದ ಕೂಡಲೇ ಬುಕ್ಕಿಂಗ್‌ನಲ್ಲಿ ತಿದ್ದಿಸಿ.

ಎಷ್ಟು ಮುಂಚೆ ಬುಕ್ ಮಾಡಬೇಕು? ಬೇಸಿಗೆ ಹಡಗುಗಳ ಬುಕ್ಕಿಂಗ್ ತೆರೆದ ದಿನವೇ ಎಂದರೆ ಅತಿ ಅನ್ನಿಸೀತು, ಆದರೆ ಜೂನ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಸ್ಕಾಟ್ಲೆಂಡಿನ ಶಾಲಾ ರಜೆ. ಮೇ ಕೊನೆಗೆ ಐಲಾದಲ್ಲಿ ವಿಸ್ಕಿ ಹಬ್ಬ, ಜುಲೈನಲ್ಲಿ ಸ್ಟಾರ್ನೋವೇ ಮತ್ತು ಟೈರೀಯಲ್ಲಿ ಸಂಗೀತೋತ್ಸವ, ಜನವರಿಯ ಕೊನೆಯ ಮಂಗಳವಾರ ಲರ್ವಿಕ್‌ನಲ್ಲಿ ಬೆಂಕಿಯ ಹಬ್ಬ. ಈ ವಾರಗಳಲ್ಲಿ ಕಾರಿಗೆ ಜಾಗ ತಿಂಗಳುಗಟ್ಟಲೆ ಮೊದಲೇ ಮುಗಿದಿರುತ್ತದೆ.

ಕ್ಯಾಲ್‌ಮ್ಯಾಕ್‌ನಲ್ಲಿ ರಿಟರ್ನ್ ಟಿಕೆಟ್‌ಗೆ ರಿಯಾಯಿತಿಯಿಲ್ಲ, ಎರಡು ಸಿಂಗಲ್ ಅಷ್ಟೇ. ಹಾಗಾಗಿ ಒಂದು ಬಂದರಿನಿಂದ ಹೋಗಿ ಇನ್ನೊಂದರಿಂದ ಬರಲು ಹೆದರಬೇಕಿಲ್ಲ. ನಾರ್ತ್‌ಲಿಂಕ್‌ನಲ್ಲಿ ಋತುವಿಗೆ ತಕ್ಕ ದರ. ರಾತ್ರಿ ಹಡಗಿನಲ್ಲಿ ಅಪ್ಪ ಅಮ್ಮನ ಜೊತೆ ಹೋಗುವುದಾದರೆ ಕ್ಯಾಬಿನ್ ತೆಗೆದುಕೊಳ್ಳಿ, ಈ ಒಂದು ಕಡೆ ಉಳಿತಾಯ ಮಾಡಬೇಡಿ. ಒರಗುವ ಕುರ್ಚಿಯಲ್ಲಿ ಹನ್ನೆರಡು ಗಂಟೆ ಕಳೆದ ಅರವತ್ತೈದರ ಬೆನ್ನು ಮರುದಿನ ಏನೂ ನೋಡಲು ಬಿಡುವುದಿಲ್ಲ.

ಬುಕ್ಕಿಂಗೇ ಇಲ್ಲದ ಫೆರಿಗಳೂ ಇವೆ: ಲಾರ್ಗ್ಸ್–ಕಂಬ್ರೇ, ವೀಮ್ಸ್ ಬೇ–ರಾಥ್ಸೇ, ಲಾಕ್ಆ್ಯಲಿನ್–ಫಿಶ್ನಿಷ್, ಸ್ಕಾನ್ಸರ್–ರಾಸೆ. ಹೋಗಿ ಸಾಲಿನಲ್ಲಿ ನಿಲ್ಲುವುದು, ಮೊದಲು ಬಂದವರಿಗೆ ಮೊದಲು. ಇವಕ್ಕೆ ಮಾತ್ರ ನಮ್ಮ ಲಾಂಚಿನ ಅಭ್ಯಾಸ ನಡೆಯುತ್ತದೆ.

## ಹಂತ 5: ಹಿಂಬಾಗಿಲು ಹುಡುಕಿಟ್ಟುಕೊಳ್ಳಿ

ಪ್ರತಿ ದ್ವೀಪಕ್ಕೂ ಮುಂಬಾಗಿಲಿದೆ. ಕೆಲವಕ್ಕೆ ಹಿಂಬಾಗಿಲೂ ಇದೆ. ಮುಖ್ಯ ಹಡಗು ತುಂಬಿದ್ದರೆ, ಕೆಟ್ಟರೆ, ನಿಮ್ಮನ್ನು ಕಾಯುವುದು ಇದೇ.

ಮಲ್‌ಗೆ ಓಬನ್–ಕ್ರೇಗ್‌ನ್ಯೂರ್ ಮುಂಬಾಗಿಲು. ಲಾಕ್ಆ್ಯಲಿನ್‌ನಿಂದ ಫಿಶ್ನಿಷ್‌ಗೆ ಇಪ್ಪತ್ತು ನಿಮಿಷದೊಳಗಿನ ಪುಟ್ಟ ಫೆರಿ ಹಿಂಬಾಗಿಲು. ಅಲ್ಲಿಗೆ ಹೋಗಲು ಲಾಕ್ ಲಿನ್ನಿಯ ಕಿರಿದಾದ ಜಾಗದಲ್ಲಿ ಕೊರನ್ ಫೆರಿ ದಾಟಬೇಕು. ಅದು ನಿಂತಿದ್ದರೆ ಫೋರ್ಟ್ ವಿಲಿಯಂ ಸುತ್ತಿ ಹೋಗುವ ದಾರಿ ಬಹಳ ದೂರದ್ದು. ಎರಡೂ ಫೆರಿಗಳ ಸ್ಥಿತಿ ನೋಡದೆ ಓಬನ್ ಬಿಡಬೇಡಿ.

ಆರನ್‌ಗೆ ಲಾಕ್‌ರಾಂಜಾ, ಬ್ಯೂಟ್‌ಗೆ ಕೊಲಿಂಟ್ರೈವ್‌ನಿಂದ ಐದು ನಿಮಿಷದ ದಾಟು. ಮ್ಯಾಲೆಗ್–ಆರ್ಮಡೇಲ್ ರದ್ದಾದರೆ ಸ್ಕೈಗೆ ಸೇತುವೆ. ಬೇಸಿಗೆಯಾದರೆ ಗ್ಲೆನೆಲ್ಗ್–ಕೈಲ್‌ರೇ ನಡುವಿನ ಆರು ಕಾರಿನ ಫೆರಿಯೂ ಇದೆ. ಅದರ ಡೆಕ್ಕನ್ನು ಸಿಬ್ಬಂದಿ ಕೈಯಿಂದಲೇ ತಳ್ಳಿ ತಿರುಗಿಸುತ್ತಾರೆ. ಅವಸರವಿಲ್ಲದ ದಿನ ಬೇಕೆಂದೇ ಹೋಗಬೇಕಾದ ಫೆರಿ ಅದು. ಲೂಯಿಸ್ ಮತ್ತು ಹ್ಯಾರಿಸ್‌ಗೆ ಅಲ್ಲಾಪೂಲ್ ಒಂದು ದಾರಿ, ಊಯಿಗ್ ಇನ್ನೊಂದು. ಆರ್ಕ್ನಿಗೆ ಸ್ಕ್ರ್ಯಾಬ್‌ಸ್ಟರ್ ಮತ್ತು ಗಿಲ್ಸ್ ಬೇ. ಸೇಂಟ್ ಮಾರ್ಗರೆಟ್ಸ್ ಹೋಪ್‌ನಲ್ಲಿ ಇಳಿದವರು ದ್ವೀಪಗಳನ್ನು ಜೋಡಿಸುವ ಚರ್ಚಿಲ್ ತಡೆಗೋಡೆಗಳ ಮೇಲಿನ ರಸ್ತೆಯಲ್ಲಿ ದಾಟಬೇಕು. ಜೋರು ಅಲೆಯ ದಿನ ಆ ರಸ್ತೆಯನ್ನೇ ಮುಚ್ಚುವುದುಂಟು.

ಕಾಲ್, ಟೈರೀ, ಕಾಲನ್ಸೇ ದ್ವೀಪಗಳಿಗೆ ಹೇಳಿಕೊಳ್ಳುವಂಥ ಹಿಂಬಾಗಿಲಿಲ್ಲ. ಮೊದಲ ಬಾರಿ ಬರುವವರು, ಒಂದೇ ವಾರ ಇರುವವರು ಇವನ್ನು ಬಿಟ್ಟರೆ ಒಳ್ಳೆಯದು ಎನ್ನುವವನು ನಾನು. ಟೈರೀ ಮರಳು ಕಂಡವರು ಒಪ್ಪಲಾರರು.

ಒಂದು ಇಡೀ ಸುತ್ತು ಬೇಕೆಂದರೆ ಹೊರ ಹೆಬ್ರಿಡೀಸ್ ಎಂಬ ಪಶ್ಚಿಮದ ದ್ವೀಪಸಾಲಿನಲ್ಲಿ ದಕ್ಷಿಣದಿಂದ ಉತ್ತರಕ್ಕೆ ಹೋಗಿ. ಓಬನ್‌ನಿಂದ ಬಾರಾದ ಕಾಸಲ್‌ಬೇಗೆ ಐದು ಗಂಟೆಗೆ ಸ್ವಲ್ಪ ಕಡಿಮೆ. ಬಾರಾದ ಆರ್ಡ್ವೋರ್‌ನಿಂದ ಎರಿಸ್ಕೇಗೆ ನಲವತ್ತು ನಿಮಿಷ. ಅಲ್ಲಿಂದ ಸೌತ್ ಯೂಇಸ್ಟ್, ಬೆನ್‌ಬೆಕ್ಯುಲಾ, ನಾರ್ತ್ ಯೂಇಸ್ಟ್, ಬರ್ನರೇವರೆಗೆ ಕಲ್ಲಿನ ಏರಿಗಳ ಮೇಲೆ ರಸ್ತೆಯೇ ಇದೆ. ಬರ್ನರೇಯಿಂದ ಹ್ಯಾರಿಸ್‌ನ ಲೆವರ್ಬರ್ಗ್‌ಗೆ ಒಂದು ಗಂಟೆ. ಬಂಡೆಗಳ ನಡುವೆ ಹಾವಿನ ಹಾಗೆ ತಿರುಗುತ್ತ ಹೋಗುವ ಈ ಫೆರಿ ಹಗಲು ಬೆಳಕಿನಲ್ಲಿ ಮಾತ್ರ ಓಡುತ್ತದೆ. ಕೊನೆಗೆ ಸ್ಟಾರ್ನೋವೇಯಿಂದ ಅಲ್ಲಾಪೂಲ್. ನಾಲ್ಕು ಫೆರಿ, ಆರು ದಿನ. ಅದಕ್ಕಿಂತ ಕಡಿಮೆ ಇಟ್ಟುಕೊಂಡರೆ ಒಂದು ರದ್ದಾದಾಗ ಮಿಕ್ಕ ಮೂರೂ ಇಸ್ಪೀಟೆಲೆ ಮನೆಯ ಹಾಗೆ ಬೀಳುತ್ತವೆ. ಸೈಕಲ್ಲಿನಲ್ಲಿ ಹೋಗುವವರು ಇದೇ ದಿಕ್ಕು ಹಿಡಿಯಲು ಕಾರಣ, ಅಲ್ಲಿ ಹೆಚ್ಚಾಗಿ ನೈಋತ್ಯದ ಗಾಳಿ, ಬೆನ್ನಿಗೆ ಬೀಸುತ್ತದೆ.

## ಹಂತ 6: ಬಂದರಿಗೆ ಹೊತ್ತಿಗೆ ಮುಂಚೆ ತಲುಪಿ

ಕಾರಿಗೆ ಚೆಕ್-ಇನ್ ಸಾಮಾನ್ಯವಾಗಿ ಹಡಗು ಬಿಡುವ 30ರಿಂದ 45 ನಿಮಿಷ ಮೊದಲೇ ಮುಚ್ಚುತ್ತದೆ. ಟಿಕೆಟ್‌ನಲ್ಲಿ ಬರೆದದ್ದೇ ಕೊನೆಯ ಮಾತು. ಮುಚ್ಚಿದ ಮೇಲೆ ನಿಮ್ಮ ಜಾಗ ಕಾಯುತ್ತಿರುವವರಿಗೆ ಹೋಗುತ್ತದೆ.

ಮ್ಯಾಪ್ ತೋರಿಸುವ ಸಮಯಕ್ಕೆ ಒಂದು ಗಂಟೆ ಸೇರಿಸಿ. ನಾನು ಸೇರಿಸಿದ್ದು ಇಪ್ಪತ್ತೇ ನಿಮಿಷ, ಒಮ್ಮೆ. ಗ್ಲಾಸ್ಗೋದಿಂದ ಕೆನಕ್ರೇಗ್‌ಗೆ ಹೋಗುವಾಗ ರೆಸ್ಟ್ ಅಂಡ್ ಬಿ ಥ್ಯಾಂಕ್‌ಫುಲ್ ಎಂಬ ಘಾಟಿಯಲ್ಲಿ ಗುಡ್ಡ ಜರಿಯುವ ಭಯವಿತ್ತು. ಗಾಡಿಗಳನ್ನೆಲ್ಲ ಸಾಲಾಗಿ ಹಳೆಯ ರಸ್ತೆಗೆ ಇಳಿಸಿ, ಮುಂದೊಂದು ದಾರಿ ತೋರುವ ವಾಹನ ಬಿಟ್ಟು ನಿಧಾನವಾಗಿ ಕಳಿಸುತ್ತಿದ್ದರು. ಬಂದರು ಕಂಡಾಗ ಹಡಗಿನ ಬಾಯಿ ಮೇಲೇಳುತ್ತಿತ್ತು. ಹಳದಿ ಜಾಕೆಟ್ಟಿನವರು ನನ್ನತ್ತ ನೋಡಿ ತಲೆಯಾಡಿಸಿದರು ಅಷ್ಟೆ. ಕೆನಕ್ರೇಗ್‌ನಲ್ಲಿ ಊರಿಲ್ಲ, ಒಂದು ಪುಟ್ಟ ಬಂಡೆದ್ವೀಪದ ಮೇಲಿನ ಕಟ್ಟೆ. ಮುಂದಿನ ಹಡಗಿನವರೆಗೆ ಕಾರಿನಲ್ಲೇ ಕೂತು ಡಬ್ಬಿಯ ಪುಳಿಯೋಗರೆ ತಿಂದೆವು.

ರೈಲಿನಲ್ಲಿ ಹೋಗುವವರಿಗೆ ಒಂದೇ ಎಚ್ಚರಿಕೆ: ಗ್ಲಾಸ್ಗೋ ಕ್ವೀನ್ ಸ್ಟ್ರೀಟ್‌ನಿಂದ ಹೊರಡುವ ರೈಲು ಕ್ರಿಯನ್‌ಲಾರಿಕ್‌ನಲ್ಲಿ ಎರಡಾಗಿ ಒಡೆಯುತ್ತದೆ, ಒಂದು ಭಾಗ ಓಬನ್‌ಗೆ, ಇನ್ನೊಂದು ಮ್ಯಾಲೆಗ್‌ಗೆ. ತಪ್ಪು ಬೋಗಿಯಲ್ಲಿ ನಿದ್ದೆ ಹೋದರೆ ತಪ್ಪು ಸಮುದ್ರ ಕಾಣುತ್ತೀರಿ. ಹತ್ತುವಾಗಲೇ ಬೋಗಿಯ ಬೋರ್ಡು ನೋಡಿ. ವೀಮ್ಸ್ ಬೇಯಲ್ಲಿ ರೈಲು ನಿಲ್ದಾಣ, ಹಡಗುಕಟ್ಟೆ ಎರಡೂ ಅಂಟಿಕೊಂಡೇ ಇವೆ. ಮೊದಲ ಸಲ ಫೆರಿ ಹತ್ತುವವರಿಗೆ ಅದಕ್ಕಿಂತ ಸಲೀಸಾದ ಜಾಗವಿಲ್ಲ.

## ಹಂತ 7: ಹಿಂದಿನ ಸಂಜೆಯಿಂದಲೇ ಸೂಚನೆಗಳನ್ನು ಗಮನಿಸಿ

ಹೊರಡುವ ಹಿಂದಿನ ಸಂಜೆ, ಬೆಳಿಗ್ಗೆ ಎದ್ದ ಕೂಡಲೇ, ಕಾರು ಸ್ಟಾರ್ಟ್ ಮಾಡುವ ಮುನ್ನ: ಮೂರು ಸಲ ಕಂಪನಿಯ ಸ್ಟೇಟಸ್ ಪುಟ ನೋಡಿ. ಬಿಸಿಲಿದೆಯಲ್ಲ ಎಂದು ಬಿಡಬೇಡಿ. ಮಳೆಗೆ ಫೆರಿ ನಿಲ್ಲುವುದಿಲ್ಲ, ನಿಲ್ಲುವುದು ಗಾಳಿಗೆ ಮತ್ತು ಅಲೆಗೆ. ನಡುಗಡಲಿನಲ್ಲಿ ಹಡಗು ತಡೆದುಕೊಂಡೀತು. ಕಟ್ಟೆಗೆ ಅಡ್ಡ ಗಾಳಿ ಬೀಸುತ್ತಿದ್ದರೆ ಹಗ್ಗ ಕಟ್ಟಲು ಆಗುವುದಿಲ್ಲ. ಇನ್ನೊಂದು ಕಾರಣ ಯಂತ್ರದ ದೋಷ. ಹಡಗುಗಳಲ್ಲಿ ಹಲವು ಹಳೆಯವು; ಒಂದು ಕೆಟ್ಟರೆ ಬೇರೆ ದಾರಿಯದನ್ನು ತಂದು ನಿಲ್ಲಿಸುತ್ತಾರೆ, ಆಗ ನಿಮ್ಮ ದ್ವೀಪಕ್ಕೆ ಸಂಬಂಧವೇ ಇಲ್ಲದ ಕಾರಣಕ್ಕೆ ನಿಮ್ಮ ಪಟ್ಟಿ ಬದಲಾಗುತ್ತದೆ.

ಗಾಬರಿಯಾಗಬೇಕಾದ ಗುರುತುಗಳು ಇವು: ಕೊನೆ ಗಳಿಗೆಯಲ್ಲಿ ರದ್ದಾಗಬಹುದು ಎಂಬ ಸೂಚನೆ, ಹಿಂದಿನ ಹಡಗು ಆಗಲೇ ರದ್ದಾಗಿರುವುದು, ಹವಾಮಾನ ವರದಿಯಲ್ಲಿ ಹೆಬ್ರಿಡೀಸ್, ಮ್ಯಾಲಿನ್ ಅಥವಾ ಫೇರ್ ಐಲ್ ಸಮುದ್ರಕ್ಕೆ ಬಿರುಗಾಳಿಯ ಎಚ್ಚರಿಕೆ. ಇವುಗಳಲ್ಲಿ ಎರಡು ಕಂಡರೆ ಸ್ಟೇಟಸ್ ಕೆಂಪಾಗುವವರೆಗೆ ಕಾಯದೆ ಹಿಂಬಾಗಿಲಿನ ಕಡೆ ಹೊರಡಿ, ಅಥವಾ ಇನ್ನೂ ಬೇಗ ಹೊರಡುವ ಹಡಗಿದ್ದರೆ ಅದಕ್ಕೆ ಬದಲಿಸಿಕೊಡಲು ಕೇಳಿ.

## ಹಂತ 8: ಸಾಲು, ಡೆಕ್, ಹೊಟ್ಟೆ

ಬಂದರಿನಲ್ಲಿ ಟಿಕೆಟ್ ನೋಡಿ ಒಂದು ಲೇನ್ ನಂಬರ್ ಹೇಳುತ್ತಾರೆ. ಆ ಲೇನಿನಲ್ಲೇ ನಿಲ್ಲಿ. ಪಕ್ಕದ ಸಾಲು ಖಾಲಿಯಿದೆ ಎಂದು ಹೋದರೆ ಅದು ಬೇರೆ ದ್ವೀಪದ ಸಾಲಿರುತ್ತದೆ. ಓಬನ್‌ನಲ್ಲಿ ಅಕ್ಕಪಕ್ಕದಲ್ಲೇ ಮಲ್‌ಗೂ ಬಾರಾಗೂ ಕಾರುಗಳು ಕಾಯುತ್ತಿರುತ್ತವೆ.

ಹಡಗಿನೊಳಗೆ ಹೋಗುವಾಗ ಹೆಡ್‌ಲೈಟ್ ಆರಿಸಿ, ಸಿಬ್ಬಂದಿಯ ಕೈಸನ್ನೆ ಮಾತ್ರ ನೋಡಿ. ಮುಂದಿನ ಕಾರಿಗೆ ಎಷ್ಟು ಹತ್ತಿರ ಕರೆದರೂ ಹೋಗಿ. ನಮ್ಮ ಬಿಎಂಟಿಸಿ ಟ್ರಾಫಿಕ್ಕಿನಲ್ಲಿ ಪಳಗಿದವರಿಗೆ ಇದು ಕಷ್ಟವಾಗಬಾರದು. ಹ್ಯಾಂಡ್‌ಬ್ರೇಕ್ ಎಳೆದು ಗೇರಿನಲ್ಲಿ ಬಿಡಿ, ಅಲಾರಂ ಆರಿಸಿ. ಕ್ಯಾಂಪರ್ ವ್ಯಾನ್ ಆದರೆ ಗ್ಯಾಸ್ ಬಂದ್. ಜಾಕೆಟ್, ಮಾತ್ರೆ, ಮಗುವಿನ ಚೀಲ ಈಗಲೇ ತೆಗೆದುಕೊಳ್ಳಿ, ಯಾನದ ಉದ್ದಕ್ಕೂ ಕಾರಿನ ಡೆಕ್ ಬೀಗ ಹಾಕಿರುತ್ತದೆ. ಮೆಟ್ಟಿಲಿನ ಬಣ್ಣ ಅಥವಾ ನಂಬರನ್ನು ಫೋಟೋ ತೆಗೆಯಿರಿ, ಇಳಿಯುವ ಹೊತ್ತಿಗೆ ಎಲ್ಲ ಬಾಗಿಲೂ ಒಂದೇ ಥರ ಕಾಣುತ್ತವೆ.

ಹೊಟ್ಟೆ ತೊಳಸುವವರು ಹಡಗಿನ ಮಧ್ಯಭಾಗದಲ್ಲಿ, ಕೆಳಗಿನ ಮಹಡಿಯಲ್ಲಿ, ದಿಗಂತ ಕಾಣುವ ಹಾಗೆ ಕೂರಬೇಕು. ಮುಂಭಾಗದ ದೊಡ್ಡ ಕಿಟಕಿಯ ಹತ್ತಿರ ನೋಟ ಚೆಂದ, ಕುಲುಕಾಟವೂ ಅಲ್ಲೇ ಜಾಸ್ತಿ. ಸಿನ್ನರಿಜಿನ್ ಮಾತ್ರೆಯಾದರೆ ಹೊರಡುವ ಎರಡು ಗಂಟೆ ಮೊದಲು ನುಂಗಬೇಕು. ವಾಂತಿ ಶುರುವಾದ ಮೇಲೆ ನುಂಗಿ ಪ್ರಯೋಜನವಿಲ್ಲ. ನಿದ್ದೆ ಬರಿಸುತ್ತದೆ, ಇಳಿದ ಮೇಲೆ ಕಾರು ಓಡಿಸುವವರು ಔಷಧಿ ಅಂಗಡಿಯಲ್ಲಿ ಕೇಳಿಯೇ ತೆಗೆದುಕೊಳ್ಳಿ. ಊಟಕ್ಕೆ ಸಸ್ಯಾಹಾರಿಗಳಿಗೆ ದೊಡ್ಡ ಹಡಗುಗಳಲ್ಲಿ ಮ್ಯಾಕರೋನಿ ಚೀಸ್ ಗತಿ. ಅಲೆಯಿರುವ ದಿನ ಅದನ್ನು ಮುಟ್ಟಬೇಡಿ, ಒಣ ಬಿಸ್ಕತ್ತು, ಶುಂಠಿ ಸಾಕು.

ಸ್ಕ್ರ್ಯಾಬ್‌ಸ್ಟರ್‌ನಿಂದ ಸ್ಟ್ರಾಮ್ನೆಸ್‌ಗೆ ಹೋಗುವವರು ಒಂದು ಗಂಟೆಯಾಗುತ್ತಲೇ ಬಲಗಡೆಯ ಡೆಕ್ಕಿಗೆ ಹೋಗಿ. ಕೆಂಪು ಬಂಡೆಯ ಕಂಬ, 137 ಮೀಟರ್ ಎತ್ತರದ ಓಲ್ಡ್ ಮ್ಯಾನ್ ಆಫ್ ಹಾಯ್, ನೀರಿನಿಂದ ನೇರ ಎದ್ದು ನಿಂತಿರುತ್ತದೆ. ಟೋಪಿ ಹಿಡಿದುಕೊಳ್ಳಿ.

## ಹಂತ 9: ರದ್ದಾದರೆ

ಮೊದಲು ಬಂದರಿನ ಕಚೇರಿಗೆ ಒಬ್ಬರು ಹೋಗಿ, ಇನ್ನೊಬ್ಬರು ಫೋನ್ ಹಿಡಿಯಿರಿ. ಕಂಪನಿಯೇ ರದ್ದು ಮಾಡಿದ್ದರೆ ದುಡ್ಡು ವಾಪಸ್ ಅಥವಾ ಜಾಗವಿರುವ ಮುಂದಿನ ಹಡಗು. "ಜಾಗವಿರುವ" ಎಂಬ ಮಾತನ್ನು ಗಮನಿಸಿ: ನಾಳೆಯ ಹಡಗಿಗೆ ಆಗಲೇ ಬುಕ್ ಮಾಡಿದವರನ್ನು ಇಳಿಸಿ ನಿಮ್ಮನ್ನು ಹತ್ತಿಸುವುದಿಲ್ಲ. ಕಾರು ಬಂದರಿನಲ್ಲಿ ಬಿಟ್ಟು ನಡೆದು ಹತ್ತಲು ಸಿದ್ಧವಿದ್ದರೆ ಬಹುಮಟ್ಟಿಗೆ ಮೊದಲ ಹಡಗಿನಲ್ಲೇ ಹೋಗಬಹುದು. ಕಾರೂ ಬೇಕೆಂದರೆ ಸ್ಟ್ಯಾಂಡ್‌ಬೈ ಸಾಲು. ಅಲ್ಲಿ ಕಾರು ಬಿಟ್ಟು ದೂರ ಹೋಗಬೇಡಿ, ಕರೆದಾಗ ಇಲ್ಲದಿದ್ದರೆ ಹಿಂದಿನವರಿಗೆ ಹೋಯಿತು.

ಎರಡನೆಯ ಫೋನ್ ಉಳಿಯುವ ಜಾಗಕ್ಕೆ. ದ್ವೀಪದವರಿಗೆ ಇದು ಹೊಸದಲ್ಲ, ಬೇಗ ಹೇಳಿದರೆ ದಿನ ಬದಲಿಸಿಕೊಡುವವರೇ ಹೆಚ್ಚು. ಹೇಳದೆ ಹೋದರೆ ಮಾತ್ರ ಬೇಸರ.

ದ್ವೀಪದಲ್ಲೇ ಸಿಕ್ಕಿಕೊಂಡರೆ ಬೇಕಾಗುವುದು ಮಾತ್ರೆ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಲೆಕ್ಕಕ್ಕಿಂತ ಮೂರು ದಿನ ಹೆಚ್ಚಿಗೆ ಇಟ್ಟುಕೊಳ್ಳಿ, ವೈದ್ಯರ ಚೀಟಿಯ ಫೋಟೋ ಜೊತೆಗೆ. ಅಕ್ಕಿ, ಬೇಳೆ, ಉಪ್ಪಿನಕಾಯಿ ಹೇಗೂ ತಂದಿರುತ್ತೀರಿ.

## ಹಂತ 10: ಇಳಿದ ಮೇಲಿನ ಮೊದಲ ಅರ್ಧ ಗಂಟೆ

ಹಡಗಿನಿಂದ ಕಾರುಗಳೆಲ್ಲ ಒಟ್ಟಿಗೆ ಕಿರಿದಾದ ರಸ್ತೆಗೆ ಬೀಳುತ್ತವೆ. ಓಡಬೇಡಿ. ಹತ್ತು ನಿಮಿಷ ಬಂದರಿನ ಹತ್ತಿರ ನಿಂತು, ಸ್ಥಳೀಯರನ್ನು ಮುಂದೆ ಬಿಟ್ಟು ಹೊರಡಿ. ಪೆಟ್ರೋಲ್ ಮುಖ್ಯ ನೆಲದಲ್ಲೇ ತುಂಬಿಸಿ ಬಂದಿರಬೇಕು; ಲೂಯಿಸ್ ಮತ್ತು ಹ್ಯಾರಿಸ್‌ನಲ್ಲಿ ಭಾನುವಾರ ಹೆಚ್ಚಿನ ಅಂಗಡಿ, ಬಂಕುಗಳು ಬಾಗಿಲು ಹಾಕಿರುತ್ತವೆ.

ಒಂಟಿ ರಸ್ತೆಯಲ್ಲಿ ಅಲ್ಲಲ್ಲಿ ದಾಟುವ ಜಾಗವಿರುತ್ತದೆ, ಕಂಬಕ್ಕೆ ಬೋರ್ಡು. ಅದು ನಿಮ್ಮ ಎಡಕ್ಕಿದ್ದರೆ ಒಳಗೆ ಹೋಗಿ ನಿಲ್ಲಿ. ಬಲಕ್ಕಿದ್ದರೆ ರಸ್ತೆ ದಾಟಿ ಹೋಗಬೇಡಿ. ಅದರ ಎದುರಿಗೆ ನಿಮ್ಮ ಬದಿಯಲ್ಲೇ ನಿಂತರೆ ಎದುರಿನ ಗಾಡಿ ಅದರೊಳಗೆ ಸರಿದು ಹೋಗುತ್ತದೆ. ಹಿಂದೆ ಯಾರಾದರೂ ಅಂಟಿಕೊಂಡಿದ್ದರೂ ಎಡಕ್ಕೆ ಸರಿದು ದಾರಿ ಬಿಡಿ. ಅವರಿಗೆ ಇದು ದಿನನಿತ್ಯದ ರಸ್ತೆ. ಆ ಜಾಗ ಪಾರ್ಕಿಂಗ್‌ಗೂ ಅಲ್ಲ, ಫೋಟೋಗೂ ಅಲ್ಲ. ಎದುರಿನವರು ನಿಂತು ದಾರಿ ಕೊಟ್ಟರೆ ಹಾರ್ನ್ ಒತ್ತಬೇಡಿ, ಸ್ಟೀರಿಂಗ್ ಮೇಲಿನ ಕೈಯನ್ನು ಒಂದಿಷ್ಟು ಎತ್ತಿದರೆ ಸಾಕು.